ನಮ್ಮೂರಿನ ಔಷಧ, ನಾವು ಕೇಳದ ಪ್ರಶ್ನೆ

2025ರ ಆಗಸ್ಟ್ ತಿಂಗಳಿನಲ್ಲಿ ನಮ್ಮ ಮೆಟ್ರೋದ ಹಳದಿ ಮಾರ್ಗ ಆರಂಭವಾಯಿತಷ್ಟೆ. ಅದಾದ ಕೆಲವು ವಾರಗಳಿಗೆ ಬೊಮ್ಮಸಂದ್ರದ ಕಡೆ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಬೇಕಾಗಿ ಬಂತು. ವಿಜಯನಗರದಲ್ಲಿ ರೈಲು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಆರ್.ವಿ. ರಸ್ತೆಯಲ್ಲಿ ಮತ್ತೊಮ್ಮೆ ಬದಲಾಯಿಸಿ ಕುಳಿತೆ. ಪಶ್ಚಿಮ ಬೆಂಗಳೂರಿನಲ್ಲಿಯೇ ಬದುಕು ಸವೆಸಿದ ನಮ್ಮಂಥವರಿಗೆ ಹೊಸೂರು ರಸ್ತೆಯೆಂದರೆ ಬೇರೊಂದು ಜಿಲ್ಲೆಯಿದ್ದಂತೆ. ಕಿಟಕಿಯಿಂದ ಹೊರಗೆ ನೋಡುತ್ತ ಹೋಗುತ್ತಿದ್ದಾಗ ಧ್ವನಿವರ್ಧಕದಲ್ಲಿ "ಮುಂದಿನ ನಿಲ್ದಾಣ ಬಯೋಕಾನ್ ಹೆಬ್ಬಗೋಡಿ" ಎಂಬ ಘೋಷಣೆ ಕೇಳಿಬಂತು. ಊರಿನ ಹೆಸರಿನ ಮುಂದೆ ಕಂಪನಿಯ ಹೆಸರು! ನಿಲ್ದಾಣದ ನಿರ್ಮಾಣಕ್ಕೆ ಆ ಕಂಪನಿಯ ಪ್ರತಿಷ್ಠಾನ ಹಣ ಕೊಟ್ಟಿರುವುದರಿಂದ ಈ ಹೆಸರು.

ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಕ್ಯಾನ್ಸರ್‌ಗೆ ಔಷಧ ಮಾಡ್ತಾರಂತಮ್ಮ ಇಲ್ಲಿ. ಅಮೆರಿಕಾಕ್ಕೂ ಹೋಗತ್ತಂತೆ. ನಮ್ಮೂರಿನ ಕಂಪನಿ, ಹೆಮ್ಮೆ ಪಡಬೇಕು" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಹೆಮ್ಮೆ ಪಡಬೇಕಾದದ್ದೇ. ಆದರೆ ಮನೆಗೆ ಮರಳಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಅಂಥದೇ ಒಂದು ಔಷಧದ ಸಣ್ಣ ಸೀಸೆಯ ಬೆಲೆಯನ್ನು ನಮ್ಮ ಮನೆಯವರೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದ ಒಂದು ವರ್ಷ ನೆನಪಾಯಿತು. ಹೆಮ್ಮೆಯ ಜೊತೆಗೆ ಕೆಲವು ಪ್ರಶ್ನೆಗಳನ್ನೂ ಕೇಳಬೇಕಾದ ಹೊಣೆ ನಮ್ಮದಲ್ಲವೇ ಎಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಮ್ಮೆಯ ಮಾತು. ಬಯೋಕಾನ್ ಸ್ಥಾಪನೆಯಾದದ್ದು 1978ರಲ್ಲಿ. ಸ್ಥಾಪಿಸಿದ ಕಿರಣ್ ಮಜುಂದಾರ್ ಅವರು ಬೆಂಗಳೂರಿನಲ್ಲಿಯೇ ಪ್ರಾಣಿಶಾಸ್ತ್ರ ಓದಿ, ಅನಂತರ ಆಸ್ಟ್ರೇಲಿಯಾದ ಬ್ಯಾಲರಟ್‌ನಲ್ಲಿ ಬಿಯರ್ ತಯಾರಿಕೆಯ ವಿದ್ಯೆ ಕಲಿತು ಬಂದವರು. ಅವರ ತಂದೆ ರಸೇಂದ್ರ ಮಜುಂದಾರ್ ಆ ಉದ್ಯಮದಲ್ಲಿ ಹೆಸರಾಂತ ತಜ್ಞರು. ಆದರೆ ಹೆಣ್ಣುಮಗಳೆಂಬ ಕಾರಣಕ್ಕೆ ಮಗಳಿಗೆ ಇಲ್ಲಿನ ಬ್ರೂವರಿಗಳಲ್ಲಿ ಆ ಕೆಲಸ ದೊರೆಯಲಿಲ್ಲ. ಐರ್ಲೆಂಡಿನ ಕಾರ್ಕ್ ಪಟ್ಟಣದ ಸಂಸ್ಥೆಯೊಂದರ ಸಹಭಾಗಿತ್ವದಲ್ಲಿ, ಕೋರಮಂಗಲದ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10 ಸಾವಿರ ರೂಪಾಯಿ ಬಂಡವಾಳದಿಂದ ಅವರು ಆರಂಭಿಸಿದ್ದು ಕಿಣ್ವಗಳ ತಯಾರಿಕೆಯನ್ನು. ಪರಂಗಿಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವ. ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಗೊಳಿಸುವ ಒಂದು ಪದಾರ್ಥ. ಎರಡೂ ಪ್ರೋಟೀನುಗಳೇ ಎಂಬುದನ್ನು ಗಮನಿಸಬೇಕು. ಪ್ರೋಟೀನನ್ನು ಕೆಡದಂತೆ ತೆಗೆಯುವ, ಶುದ್ಧಿಗೊಳಿಸುವ, ಕಾಪಾಡುವ ಆ ವಿದ್ಯೆಯೇ ಮುಂದೆ ಔಷಧಗಳ ಕಡೆಗೆ ಹೊರಳಿತು. 2004ರಲ್ಲಿ ಒಂದು ಬಗೆಯ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ ಮಾರುಕಟ್ಟೆಗೆ ಬಂತು. 2006ರಲ್ಲಿ, ಕ್ಯೂಬಾ ದೇಶದ ವಿಜ್ಞಾನಿಗಳ ಸಹಯೋಗದಿಂದ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ನಿಮೊಟುಜುಮ್ಯಾಬ್ ಎಂಬ ಔಷಧ ಬಂತು. 2013ರಲ್ಲಿ ಸೋರಿಯಾಸಿಸ್ ಎಂಬ ಚರ್ಮದ ಉರಿಯೂತದ ಕಾಯಿಲೆಗೆ ಇಟೊಲಿಜುಮ್ಯಾಬ್. 2014ರ ಆರಂಭದಲ್ಲಿ ಸ್ತನ ಕ್ಯಾನ್ಸರಿಗೆ ಟ್ರಾಸ್ಟುಜುಮ್ಯಾಬ್. ಈ ಕೊನೆಯದಕ್ಕೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆಯೂ ದೊರೆಯಿತು. ಮೂಲ ಔಷಧಕ್ಕೆ ಸರಿಸಮಾನವಾದ ಟ್ರಾಸ್ಟುಜುಮ್ಯಾಬ್ ಎಂದು ಆ ದೇಶದಲ್ಲಿ ಒಪ್ಪಿಗೆ ಪಡೆದವುಗಳಲ್ಲಿ ಅದೇ ಮೊದಲನೆಯದು. ಗ್ಯಾರೇಜಿನಿಂದ ಇಲ್ಲಿಯವರೆಗಿನ ದಾರಿ ಸಾಮಾನ್ಯವಾದದ್ದಲ್ಲ.

ಈ ಔಷಧಗಳ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳದೆ ಮುಂದುವರಿಯುವುದು ವಿಜ್ಞಾನ ಪಾಠ ಮಾಡಿದ ನನಗೆ ಕಷ್ಟ. ನಾವು ತಲೆನೋವಿಗೆ ನುಂಗುವ ಆಸ್ಪಿರಿನ್ನಿನ ಒಂದು ಅಣುವಿನಲ್ಲಿ ಇರುವುದು 21 ಪರಮಾಣುಗಳು. ಕರಿಹಲಗೆಯ ಮೇಲೆ ಅದರ ರಚನೆಯನ್ನು ಅರ್ಧ ನಿಮಿಷದಲ್ಲಿ ಬರೆದುಬಿಡಬಹುದು. ಟ್ರಾಸ್ಟುಜುಮ್ಯಾಬ್ ಒಂದು ಪ್ರತಿಕಾಯ. ಅಂದರೆ ನಮ್ಮ ದೇಹ ಸೋಂಕಿನ ವಿರುದ್ಧ ತಾನೇ ತಯಾರಿಸಿಕೊಳ್ಳುವ ರಕ್ಷಕ ಪ್ರೋಟೀನಿನ ಜಾತಿಗೆ ಸೇರಿದ್ದು. ಅದರ ಒಂದು ಅಣುವಿನಲ್ಲಿ ಸುಮಾರು 20 ಸಾವಿರ ಪರಮಾಣುಗಳಿವೆ. ತೂಕದಲ್ಲಿ ಆಸ್ಪಿರಿನ್ನಿನ ಎಂಟುನೂರು ಪಟ್ಟು. ಇದನ್ನು ಪಾತ್ರೆಯಲ್ಲಿ ರಾಸಾಯನಿಕಗಳನ್ನು ಬೆರೆಸಿ ಮಾಡಲಾಗುವುದಿಲ್ಲ. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಿಗೆ ಬೇಕಾದ ಜೀನನ್ನು ಸೇರಿಸಿ, ಅವನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅವು ಸ್ರವಿಸಿದ ಪ್ರೋಟೀನನ್ನು ಬೇರ್ಪಡಿಸಿ ಶುದ್ಧಿ ಮಾಡಬೇಕು. ಉಷ್ಣತೆ ತುಸು ಹೆಚ್ಚುಕಡಿಮೆಯಾದರೂ, ಸೂಕ್ಷ್ಮಜೀವಿಯೊಂದು ಒಳಹೊಕ್ಕರೂ ಇಡೀ ತೊಟ್ಟಿ ವ್ಯರ್ಥ. ನುಂಗಿದರೆ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗಿಬಿಡುವುದರಿಂದ ಸೂಜಿಯ ಮೂಲಕವೇ ಕೊಡಬೇಕು. ತಯಾರಾದ ಗಳಿಗೆಯಿಂದ ರೋಗಿಯನ್ನು ಮುಟ್ಟುವವರೆಗೆ ಫ್ರಿಜ್ಜಿನ ತಂಪಿನಲ್ಲಿಯೇ ಇರಬೇಕು.

ಕೆಲಸ ಮಾಡುವ ಬಗೆಯೂ ಸೊಗಸಾದದ್ದು. ಸ್ತನ ಕ್ಯಾನ್ಸರಿನ ಐವರು ರೋಗಿಗಳಲ್ಲಿ ಸುಮಾರು ಒಬ್ಬರಿಗೆ, ಕ್ಯಾನ್ಸರ್ ಕೋಶಗಳ ಮೇಲ್ಮೈಯಲ್ಲಿ ಹರ್-2 ಎಂಬ ಒಂದು ಪ್ರೋಟೀನು ಅತಿಯಾಗಿರುತ್ತದೆ. "ಬೆಳೆ, ಬೆಳೆ" ಎಂಬ ಸಂದೇಶವನ್ನು ಕೋಶದೊಳಕ್ಕೆ ಸಾಗಿಸುವ ಬಾಗಿಲು ಅದು. ಟ್ರಾಸ್ಟುಜುಮ್ಯಾಬ್ ಹೋಗಿ ಆ ಬಾಗಿಲಿಗೇ ಅಂಟಿಕೊಳ್ಳುತ್ತದೆ, ಸಂದೇಶವನ್ನು ತಡೆಯುತ್ತದೆ, ದೇಹದ ರಕ್ಷಕ ಕೋಶಗಳಿಗೆ "ಶತ್ರು ಇಲ್ಲಿದ್ದಾನೆ" ಎಂದು ತೋರಿಸಿಯೂ ಕೊಡುತ್ತದೆ. ಉರಿಯೂತದ ಕಾಯಿಲೆಗಳಲ್ಲಿಯೂ ಇದೇ ತತ್ವ. ಅಲ್ಲಿ ದೇಹದ ರಕ್ಷಕ ಕೋಶಗಳೇ ದಾರಿತಪ್ಪಿ ಸ್ವಂತ ಅಂಗಗಳ ಮೇಲೆ ಬೀಳುತ್ತವೆ. ಆ ಕೋಶಗಳ ಮೇಲಿನ ಒಂದು ಗುರುತಿಗೆ ಅಂಟಿಕೊಂಡು ಅವನ್ನು ಶಾಂತಗೊಳಿಸುವುದು ಪ್ರತಿಕಾಯದ ಕೆಲಸ.

ಇನ್ನು ನಮ್ಮ ಮನೆಯ ಮಾತು. 2017ರಲ್ಲಿ ನನ್ನ ತಂಗಿಗೆ ಸ್ತನ ಕ್ಯಾನ್ಸರ್ ಎಂದು ತಿಳಿಯಿತು. ಹರ್-2 ಪರೀಕ್ಷೆಯೂ ಪಾಸಿಟಿವ್ ಬಂತು. ಅವಳ ಮನೆ ಬಸವೇಶ್ವರನಗರದಲ್ಲಿ, ಭೋಗ್ಯದ್ದು. ಯಜಮಾನರು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತ್ ಇಟ್ಟುಕೊಂಡು ಇಬ್ಬರು ಹುಡುಗರೊಡನೆ ದುಡಿಯುತ್ತಿದ್ದವರು. ತಾವೇ ಮಾಲೀಕರಾದ್ದರಿಂದ ಇಎಸ್‌ಐ ಇಲ್ಲ. ತೆರಿಗೆ ಕಟ್ಟುತ್ತಿದ್ದುದರಿಂದ ಬಿಪಿಎಲ್ ಕಾರ್ಡಿಲ್ಲ. ವಿಮೆ ಮಾಡಿಸಬೇಕೆಂದು ವರ್ಷ ವರ್ಷವೂ ಅಂದುಕೊಂಡು ಮುಂದೂಡಿದ್ದರು. ಇಂಥ ಕುಟುಂಬಗಳು ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಬೀದಿಗೆ ಹತ್ತಿವೆ. ಬಡವರ ಪಟ್ಟಿಯಲ್ಲಿಯೂ ಇಲ್ಲ, ಉಳ್ಳವರ ಪಟ್ಟಿಯಲ್ಲಿಯೂ ಇಲ್ಲ.

ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ ಈ ಔಷಧ ಕೊಡಬೇಕು, ಅಂದರೆ 17-18 ಬಾರಿ, ಎಂದು ವೈದ್ಯರು ಹೇಳಿದರು. ಅಂದು ರಾತ್ರಿ ತಂಗಿಯ ಮನೆಯಲ್ಲಿ ಕುಳಿತು ನಾನೇ ಲೆಕ್ಕ ಹಾಕಿದೆ. ಮೊದಲ ಬಾರಿ ದೇಹದ ತೂಕದ ಪ್ರತಿ ಕಿಲೋಗೆ 8 ಮಿಲಿಗ್ರಾಂ, ಆಮೇಲೆ ಪ್ರತಿ ಬಾರಿ 6 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 17 ಬಾರಿಗೆ ಒಟ್ಟು 6,240 ಮಿಲಿಗ್ರಾಂ. ವಿದೇಶಿ ಮೂಲ ಔಷಧದ 440 ಮಿಲಿಗ್ರಾಂ ಸೀಸೆ ಒಂದು ಕಾಲಕ್ಕೆ ಲಕ್ಷದ ಆಸುಪಾಸಿನಲ್ಲಿತ್ತು. ಅದರ ತಯಾರಕರು 2012ರಲ್ಲಿ ಭಾರತಕ್ಕೆಂದು ಬೇರೆ ಹೆಸರಿನಲ್ಲಿ ಸುಮಾರು 75 ಸಾವಿರಕ್ಕೆ ಇಳಿಸಿದರು. 2014ರಲ್ಲಿ ಬಯೋಕಾನ್ ತನ್ನ ಸೀಸೆಗೆ ಇಟ್ಟ ಬೆಲೆ 57,500 ರೂಪಾಯಿ. ಆ ದರದಲ್ಲಿ ಲೆಕ್ಕ ಹಾಕಿದರೆ ವರ್ಷಕ್ಕೆ 8 ಲಕ್ಷದ ಮೇಲಾಗುತ್ತದೆ. ನಮ್ಮ ಸರದಿ ಬರುವ ಹೊತ್ತಿಗೆ ಇನ್ನೂ ಕೆಲವು ಭಾರತೀಯ ಕಂಪನಿಗಳ ಔಷಧಗಳು ಬಂದು ಬೆಲೆ ತುಸು ಇಳಿದಿತ್ತು. ಹಾಗಿದ್ದೂ ಆ ಒಂದು ಔಷಧಕ್ಕೇ 6 ಲಕ್ಷದ ಮೇಲೆ ಖರ್ಚಾಯಿತು. ಕೆಂಗೇರಿ ಉಪನಗರದ ಆಚೆ ಮನೆ ಕಟ್ಟಲೆಂದು ಇಟ್ಟುಕೊಂಡಿದ್ದ ನಿವೇಶನ ಹೋಯಿತು. "ಅಕ್ಕಾ, ಮೂರು ವಾರಕ್ಕೊಂದ್ಸಲ ಒಂದೊಂದು ಗೋಡೆ ನನ್ನ ಕೈಯೊಳಗೆ ಹೋಗ್ತಾ ಇದೆ ನೋಡು" ಎಂದು ಡ್ರಿಪ್ಪಿನ ಕಡೆ ನೋಡುತ್ತ ಅವಳು ನಕ್ಕದ್ದು ಇಂದಿಗೂ ಕಿವಿಯಲ್ಲಿದೆ.

ಆ ವರ್ಷ ಕಂಡ ಎರಡು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. ಆಸ್ಪತ್ರೆಯ ಔಷಧಾಲಯದವರು ಸೀಸೆಯ ಮೇಲೆ ಮುದ್ರಿತವಾದ ಬೆಲೆಯನ್ನೇ ತೆಗೆದುಕೊಳ್ಳುತ್ತಿದ್ದರು. ನಾಲ್ಕನೆಯ ಸರದಿಯ ಹೊತ್ತಿಗೆ ತಂಗಿಯ ಯಜಮಾನರು ಯಾರನ್ನೋ ಹಿಡಿದು ಸಗಟು ವ್ಯಾಪಾರಿಯೊಬ್ಬರ ಬಳಿ ವಿಚಾರಿಸಿದಾಗ, ಅದೇ ಕಂಪನಿಯ ಅದೇ ಸೀಸೆ ಮೂರನೇ ಒಂದು ಭಾಗ ಕಡಿಮೆಗೆ ಸಿಗುವುದೆಂದು ತಿಳಿಯಿತು. ಆದರೆ ಹೊರಗಿನಿಂದ ತಂದ ಔಷಧವನ್ನು ಆಸ್ಪತ್ರೆಯವರು ಒಪ್ಪಲಿಲ್ಲ; ತಂಪು ಕೆಟ್ಟಿದ್ದರೆ ಯಾರು ಹೊಣೆ ಎಂದರು. ಅದರಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಹಾಗಾದರೆ ನಡುವಿನ ಆ ಮೂರನೇ ಒಂದು ಭಾಗ ಯಾರದು? ಆ ಪ್ರಶ್ನೆಗೆ ನಮಗೆ ಉತ್ತರ ಸಿಗಲಿಲ್ಲ.

ಎರಡನೆಯದು, ಪಕ್ಕದ ಕುರ್ಚಿಯಲ್ಲಿ ಅದೇ ಔಷಧ ಹಾಕಿಸಿಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು. ಮಾಗಡಿಯ ಕಡೆಯವಳು, ನಲವತ್ತು ದಾಟಿರಲಿಲ್ಲ. ನಾಲ್ಕು ಬಾರಿ ತಂಗಿಯ ಜೊತೆಯಲ್ಲಿಯೇ ಕುಳಿತಳು. ಐದನೆಯ ಬಾರಿ ಬರಲಿಲ್ಲ, ಆರನೆಯ ಬಾರಿಯೂ ಬರಲಿಲ್ಲ. ನರ್ಸಮ್ಮನನ್ನು ಕೇಳಿದೆವು. "ದುಡ್ಡು ಹೊಂದಿಸ್ಕೊಂಡು ಬರ್ತೀವಿ ಅಂದಿದ್ರು" ಎಂದರು ಅಷ್ಟೆ.

ಅಗ್ಗ ಎಂಬುದಕ್ಕೂ ಎಟುಕುವುದು ಎಂಬುದಕ್ಕೂ ಇರುವ ಅಂತರ ನನಗೆ ಅರ್ಥವಾದದ್ದು ಆ ಖಾಲಿ ಕುರ್ಚಿಯಿಂದ. 75 ಸಾವಿರದ್ದು 57 ಸಾವಿರಕ್ಕೆ ಬಂದಿತೆಂದರೆ ಅಗ್ಗವಾಯಿತು, ನಿಜ. ನಮ್ಮೂರಿನ ಕಂಪನಿ ಮುಂದೆ ಬರದಿದ್ದರೆ ಅಷ್ಟೂ ಆಗುತ್ತಿರಲಿಲ್ಲ. ಆ ಔಷಧವನ್ನು ಮಾರುಕಟ್ಟೆಗೆ ತರುವಾಗ ವಿದೇಶಿ ಕಂಪನಿಯು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದದ್ದನ್ನೂ, ಇವರು ಅಲ್ಲಿ ಹೋರಾಡಬೇಕಾಗಿ ಬಂದದ್ದನ್ನೂ ಮರೆಯಬಾರದು. ಆದರೆ ಎಂಟು ಅಡಿ ಎತ್ತರದ ಕೊಂಬೆ ಆರು ಅಡಿಗೆ ಬಾಗಿದರೆ, ನಾಲ್ಕು ಅಡಿಯ ಮಗುವಿಗೆ ಅದರಿಂದ ಹಣ್ಣು ಸಿಕ್ಕಂತಾಗಲಿಲ್ಲ.

ಬೆಲೆಯ ವಿಷಯದಲ್ಲಿ ಸರ್ಕಾರಗಳು ಏನೂ ಮಾಡಿಲ್ಲವೆಂದಲ್ಲ. ಟ್ರಾಸ್ಟುಜುಮ್ಯಾಬ್ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೂ, ನಮ್ಮ ರಾಷ್ಟ್ರೀಯ ಪಟ್ಟಿಗೂ ಸೇರಿತು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು, ಉಳಿದವರಿಗೆ ನಿಗದಿತ ದರದ ಶೇಕಡಾ 30ರಷ್ಟು. 2019ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು 42 ಕ್ಯಾನ್ಸರ್ ಔಷಧಗಳ ಮೇಲೆ ವ್ಯಾಪಾರಿಗಳ ಲಾಭ ಶೇಕಡಾ 30 ಮೀರಬಾರದೆಂದು ಕಟ್ಟಳೆ ಮಾಡಿತು. ಹಾಗೆ ಮಾಡಿದೊಡನೆ ಕೆಲವು ಔಷಧಗಳ ಮುದ್ರಿತ ಬೆಲೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಕಾರ್ಖಾನೆಯಲ್ಲಿ ಯಾವ ಬದಲಾವಣೆಯೂ ಆಗದೆ ಬೆಲೆ ಅಷ್ಟು ಇಳಿಯಬಲ್ಲುದಾದರೆ, ಅದುವರೆಗೆ ನಾವು ಕೊಡುತ್ತಿದ್ದುದು ಔಷಧದ ಬೆಲೆಯನ್ನೋ ಅಥವಾ ನಡುವಿನ ಕೈಗಳ ಬೆಲೆಯನ್ನೋ? 2025ರ ಸೆಪ್ಟೆಂಬರಿನಲ್ಲಿ 33 ಜೀವರಕ್ಷಕ ಔಷಧಗಳ ಜಿಎಸ್‌ಟಿಯನ್ನು ಪೂರ್ತಿ ತೆಗೆದು, ಉಳಿದವಕ್ಕೆ ಶೇಕಡಾ 5 ಮಾಡಿದ್ದೂ ಒಳ್ಳೆಯ ಹೆಜ್ಜೆಯೇ. ಆದರೆ ಇವೆಲ್ಲವೂ ಬೆಲೆಯ ತುದಿಯನ್ನು ಕತ್ತರಿಸುವ ಕ್ರಮಗಳು. ಬುಡದ ಪ್ರಶ್ನೆಗಳು ಬೇರೆ ಇವೆ.

ಬುಡದ ಮೊದಲ ಪ್ರಶ್ನೆ: ಔಷಧ ನಿಜವಾಗಿ ಕೆಲಸ ಮಾಡುತ್ತದೆಯೇ? ಊರಿನ ಅಭಿಮಾನ ನಮ್ಮ ಕಣ್ಣಿಗೆ ಅಡ್ಡವಾಗುವುದು ಇಲ್ಲಿಯೇ. 2020ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳೋಣ. ಕೋವಿಡ್ ಎಲ್ಲರನ್ನೂ ಮನೆಯೊಳಗೆ ಕೂಡಿಹಾಕಿತ್ತು. ಆಗ ಸೋರಿಯಾಸಿಸ್‌ಗೆಂದು ಇದ್ದ ಇಟೊಲಿಜುಮ್ಯಾಬ್ ಅನ್ನು ಕೋವಿಡ್ ರೋಗಿಗಳ ತೀವ್ರ ಉರಿಯೂತಕ್ಕೆ ತುರ್ತು ಬಳಕೆ ಮಾಡಲು ಕೇಂದ್ರದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು. ಬೆಂಗಳೂರಿನ ಔಷಧ ಎಂದು ನಾವೆಲ್ಲ ಹಿಗ್ಗಿದೆವು. ಆಧಾರವಾಗಿದ್ದ ಪ್ರಯೋಗದಲ್ಲಿ ಇದ್ದವರು 30 ರೋಗಿಗಳು. 20 ಜನರಿಗೆ ಔಷಧ ಕೊಟ್ಟಿದ್ದರು, ಅವರಲ್ಲಿ ಯಾರೂ ಸಾಯಲಿಲ್ಲ; ಕೊಡದಿದ್ದ 10 ಜನರಲ್ಲಿ ಮೂವರು ಸತ್ತರು. ಕೇಳಲು ಪವಾಡದಂತಿದೆ. ಆದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಇಪ್ಪತ್ತು ಮಕ್ಕಳಿಗೆ ಹೊಸ ಪುಸ್ತಕ ಕೊಟ್ಟು ಎಲ್ಲರೂ ಪಾಸಾದರು, ಹಳೆಯ ಪುಸ್ತಕದ ಹತ್ತರಲ್ಲಿ ಮೂವರು ಫೇಲಾದರು ಎಂದ ಮಾತ್ರಕ್ಕೆ ರಾಜ್ಯದ ಎಲ್ಲ ಶಾಲೆಗಳ ಪುಸ್ತಕ ಬದಲಿಸಬಹುದೇ? ಆ ಮೂವರು ಬೇರೆ ಕಾರಣಕ್ಕೆ ಹಿಂದುಳಿದವರಿರಬಹುದಲ್ಲ! ಸಂಖ್ಯೆ ಚಿಕ್ಕದಾದಷ್ಟೂ ಅದೃಷ್ಟದ ಆಟ ದೊಡ್ಡದು. ವೈದ್ಯಲೋಕದಲ್ಲಿ ಇದೇ ಆಕ್ಷೇಪ ಎದ್ದಿತು. ಕೋವಿಡ್ ಕುರಿತ ರಾಷ್ಟ್ರೀಯ ಕಾರ್ಯಪಡೆಯು ಆ ಔಷಧವನ್ನು ಚಿಕಿತ್ಸಾಕ್ರಮದಲ್ಲಿ ಸೇರಿಸಲಿಲ್ಲ.

ಇದೇ ಕಂಪನಿಯ ಇನ್ನೊಂದು ಔಷಧದ ಕಥೆ ಇದಕ್ಕೆ ಎದುರಾಗಿ ನಿಲ್ಲುತ್ತದೆ. ತಲೆ-ಕುತ್ತಿಗೆಯ ಕ್ಯಾನ್ಸರಿನ ನಿಮೊಟುಜುಮ್ಯಾಬ್ 2006ರಲ್ಲಿ ಬಂದಾಗ, ಅದರ ಹಿಂದಿದ್ದ ಇಲ್ಲಿನ ಪ್ರಯೋಗದಲ್ಲಿ ನೂರು ರೋಗಿಗಳೂ ಇರಲಿಲ್ಲ. ಅನಂತರ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 536 ರೋಗಿಗಳ ಮೇಲೆ ಸರಿಯಾದ ಹೋಲಿಕೆಯ ಅಧ್ಯಯನ ನಡೆಸಿ 2019ರಲ್ಲಿ ಪ್ರಕಟಿಸಿದರು. ವಿಕಿರಣ ಮತ್ತು ಕೀಮೋ ಚಿಕಿತ್ಸೆಯ ಜೊತೆ ಇದನ್ನೂ ಕೊಟ್ಟವರಲ್ಲಿ, ಎರಡು ವರ್ಷಗಳ ಕಾಲ ರೋಗ ಉಲ್ಬಣಿಸದೆ ಉಳಿದವರು ನೂರಕ್ಕೆ ಸುಮಾರು 62, ಕೊಡದವರಲ್ಲಿ 50. ಆದರೆ ಒಟ್ಟು ಆಯುಸ್ಸಿನಲ್ಲಿ ಖಚಿತವೆನ್ನಬಹುದಾದ ಅಂತರ ಆ ಹೊತ್ತಿಗೆ ಕಂಡಿರಲಿಲ್ಲ. ಇದು ಪ್ರಾಮಾಣಿಕವಾದ ಉತ್ತರ. ಪ್ರಯೋಜನವಿದೆ, ಇಷ್ಟಿದೆ, ಇಷ್ಟಿಲ್ಲ ಎಂದು ಹೇಳುವ ಉತ್ತರ. ತಂಬಾಕು, ಗುಟ್ಕಾಗಳಿಂದ ಬಾಯಿಯ ಕ್ಯಾನ್ಸರ್ ಮನೆಮಾತಾಗಿರುವ ನಮ್ಮ ನಾಡಿಗೆ ಆ ಉತ್ತರ ಬಹಳ ಬೆಲೆಯುಳ್ಳದ್ದು. ಅದು ಬರಲು ಔಷಧ ಬಂದ ಮೇಲೆ 13 ವರ್ಷ ಹಿಡಿಯಿತು, ಮತ್ತು ಅದನ್ನು ಕೊಟ್ಟದ್ದು ಒಂದು ಸಾರ್ವಜನಿಕ ಆಸ್ಪತ್ರೆ ಎಂಬ ಎರಡು ಮಾತುಗಳನ್ನು ಓದುಗರು ಮನಸ್ಸಿನಲ್ಲಿಡಬೇಕು.

ಬುಡದ ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದದ್ದು. ನಾವು ಯಾರೂ ಕೇಳದದ್ದು. ಎಷ್ಟು ಸಾಕು? ನನ್ನ ತಂಗಿಗೆ ಒಂದು ವರ್ಷ ಕೊಡಬೇಕೆಂದಾಗ, ಏಕೆ ಒಂದು ವರ್ಷ, ಏಕೆ ಆರು ತಿಂಗಳಲ್ಲ ಎಂದು ಕೇಳಲು ನಮಗೆ ತೋಚಲೇ ಇಲ್ಲ. ಬ್ರಿಟನ್ನಿನವರಿಗೆ ತೋಚಿತ್ತು. ಅಲ್ಲಿ ಸಾರ್ವಜನಿಕ ಹಣದಿಂದ 4 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ, ಆರು ತಿಂಗಳ ಟ್ರಾಸ್ಟುಜುಮ್ಯಾಬ್ ಮತ್ತು ಹನ್ನೆರಡು ತಿಂಗಳದ್ದನ್ನು ಹೋಲಿಸಿ ನೋಡಿದರು. 2019ರಲ್ಲಿ ಬಂದ ಫಲಿತಾಂಶ: ನಾಲ್ಕು ವರ್ಷಗಳ ಬಳಿಕ ರೋಗವಿಲ್ಲದೆ ಉಳಿದವರ ಪ್ರಮಾಣ ಎರಡೂ ಕಡೆ ನೂರಕ್ಕೆ 89ರ ಮೇಲೆ, ಹೆಚ್ಚುಕಡಿಮೆ ಒಂದೇ. ಹೃದಯಕ್ಕೆ ಆಗುವ ತೊಂದರೆ ಆರು ತಿಂಗಳಿನವರಲ್ಲಿ ಕಡಿಮೆ. ಫ್ರಾನ್ಸಿನಲ್ಲಿ ನಡೆದ ಇಂಥದೇ ಅಧ್ಯಯನ ಇದೇ ತೀರ್ಮಾನಕ್ಕೆ ಬರಲಿಲ್ಲ. ಆದ್ದರಿಂದ ಒಂದು ವರ್ಷದ ರೂಢಿಯೇ ಮುಂದುವರಿದಿದೆ. ಇದನ್ನು ಓದಿ ಯಾರೂ ತಾವಾಗಿಯೇ ಚಿಕಿತ್ಸೆ ನಿಲ್ಲಿಸಬಾರದು. ವೈದ್ಯರ ಮಾತೇ ಅಂತಿಮ. ನಾನು ಹೇಳುತ್ತಿರುವುದು ಇಷ್ಟು: ಆರು ತಿಂಗಳು ಸಾಕಾಗುವುದು ಯಾರಿಗೆ ಎಂಬುದು ನಮ್ಮಲ್ಲಿಯೇ ಖಚಿತವಾದರೆ ಖರ್ಚು ಅರ್ಧವಾಗುತ್ತದೆ. ತನ್ನ ಸರಕು ಅರ್ಧ ಸಾಕೇ ಎಂದು ಕೇಳಲು ಯಾವ ಕಂಪನಿಗೂ, ಅದು ಸ್ವದೇಶಿಯಾಗಲಿ ವಿದೇಶಿಯಾಗಲಿ, ಕಾರಣವಿಲ್ಲ. ಅದರಲ್ಲಿ ಕಂಪನಿಯ ತಪ್ಪೂ ಇಲ್ಲ. ಅದು ಕೇಳಬೇಕಾದ ಪ್ರಶ್ನೆ ಅಲ್ಲವೇ ಅಲ್ಲ. ಅದು ನಮ್ಮ ಪ್ರಶ್ನೆ.

ನಮ್ಮ ದೇಶದಲ್ಲಿಯೂ ಇದನ್ನು ಕೇಳಿದವರಿದ್ದಾರೆ. ನಿವೊಲುಮ್ಯಾಬ್ ಎಂಬ ಇನ್ನೊಂದು ವಿದೇಶಿ ಪ್ರತಿಕಾಯ ಔಷಧವಿದೆ. ಅದರ ರೂಢಿಯ ಪ್ರಮಾಣ ಒಮ್ಮೆಗೆ 240 ಮಿಲಿಗ್ರಾಂ. ಬೆಲೆ ನಮ್ಮ ಜನರಲ್ಲಿ ಬಹುಪಾಲಿನವರ ಕನಸಿಗೂ ನಿಲುಕದು. ಅದೇ ಟಾಟಾ ಆಸ್ಪತ್ರೆಯವರು ಗುಣವಾಗುವ ಹಂತ ಮೀರಿದ ತಲೆ-ಕುತ್ತಿಗೆಯ ಕ್ಯಾನ್ಸರಿನ 151 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ, ಕಡಿಮೆ ಖರ್ಚಿನ ಮಾತ್ರೆಗಳ ಜೊತೆಗೆ ಕೇವಲ 20 ಮಿಲಿಗ್ರಾಂ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದಂತೆ, ಮಾತ್ರೆ ಮಾತ್ರ ಪಡೆದವರಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ 16. ಈ ಅಲ್ಪ ಪ್ರಮಾಣದ ಔಷಧವನ್ನೂ ಪಡೆದವರಲ್ಲಿ 43. ಪೂರ್ಣ ಪ್ರಮಾಣದೊಡನೆ ಹೋಲಿಸಿ ನೋಡಿದ ಪ್ರಯೋಗವಲ್ಲ ಅದು. ಆದರೆ ಏನೂ ಸಿಗದೆ ಹೋಗುತ್ತಿದ್ದ ಬಡವನಿಗೆ ಏನಾದರೂ ಸಿಗುವ ಬಾಗಿಲನ್ನು ಅದು ತೆರೆಯಿತು.

ಬೆಂಗಳೂರಿನಲ್ಲಿ ಇಂಥ ಪ್ರಶ್ನೆ ಕೇಳಲು ಏನು ಕೊರತೆ? 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ ನಮ್ಮಲ್ಲಿದೆ. ನಾಡಿನ ಮೂಲೆಮೂಲೆಯ ಬಡರೋಗಿಗಳು ಅಲ್ಲಿಗೆ ಬರುತ್ತಾರೆ; ಬೆಂಗಳೂರಿನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬರುತ್ತಿದೆ ಎಂಬ ದಾಖಲೆಯನ್ನು 1980ರ ದಶಕದಿಂದಲೂ ಅಲ್ಲಿ ಇಡುತ್ತ ಬಂದಿದ್ದಾರೆ. ಔಷಧ ತಯಾರಿಸುವ ಕಾರ್ಖಾನೆ ಅದೇ ಹೊಸೂರು ರಸ್ತೆಯಲ್ಲಿ ಮುಂದೆ ಇದೆ. ಇಬ್ಬರ ನಡುವಿನ ದೂರ ಹೆಚ್ಚೇನಲ್ಲ. ರಾಜ್ಯ ಸರ್ಕಾರವು ಔಷಧ ಕೊಳ್ಳುವುದಕ್ಕೆ ಕೊಡುವ ಹಣದ ಜೊತೆಗೆ, ಎಷ್ಟು ಔಷಧ ಸಾಕು ಎಂದು ಕಂಡುಹಿಡಿಯುವುದಕ್ಕೂ ಪ್ರತಿವರ್ಷ ಒಂದು ಪಾಲನ್ನು ತೆಗೆದಿಡಬೇಕು. ಎಲ್ಲ ಆಸ್ಪತ್ರೆಗಳ ಪರವಾಗಿ ಒಟ್ಟಿಗೆ ಕೊಂಡು, ಕೊಂಡ ಬೆಲೆಯನ್ನು ಕನ್ನಡದಲ್ಲಿ ಗೋಡೆಯ ಮೇಲೆ ಬರೆಸಬೇಕು. ಆಗ ಖಾಸಗಿ ಆಸ್ಪತ್ರೆಯ ಬಿಲ್ಲನ್ನು ಕೈಯಲ್ಲಿ ಹಿಡಿದ ಲೇತ್ ಕೆಲಸದವನೂ ಹೋಲಿಸಿ ನೋಡಬಲ್ಲ. ಸೀಸೆಯಲ್ಲಿ ಮಿಕ್ಕ ಔಷಧವನ್ನು ನಿಯಮದಂತೆ ಹಂಚಿಕೊಳ್ಳುವ ವ್ಯವಸ್ಥೆ ಇರಬೇಕು. ನನ್ನ ತಂಗಿಗೆ 360 ಮಿಲಿಗ್ರಾಂ ಬೇಕಿದ್ದಾಗ 440ರ ಸೀಸೆ ಒಡೆದರು. ಉಳಿದ 80 ಏನಾಯಿತೆಂದು ಕೇಳುವ ಧೈರ್ಯ ನಮಗಿರಲಿಲ್ಲ.

ಕಂಪನಿಯಿಂದಲೂ ನಾವು ಒಂದನ್ನು ಕೇಳಬಹುದು. 2019ರಲ್ಲಿ ಬಯೋಕಾನ್ ಬಡದೇಶಗಳಿಗೆ ದಿನಕ್ಕೆ ಅಮೆರಿಕದ 10 ಸೆಂಟಿಗಿಂತ ಕಡಿಮೆ ಬೆಲೆಯಲ್ಲಿ ಇನ್ಸುಲಿನ್ ಕೊಡುವುದಾಗಿ ಸಾರಿತು. ಸಂತೋಷದ ಮಾತು. ಮೊದಲು ಬೆಲೆಯ ಗುರಿಯಿಟ್ಟುಕೊಂಡು, ಆಮೇಲೆ ಅದನ್ನು ಮುಟ್ಟುವ ದಾರಿ ಹುಡುಕಬಹುದೆಂದು ಅವರೇ ತೋರಿಸಿಕೊಟ್ಟಂತಾಯಿತು. ಪ್ರತಿಕಾಯದ ತಯಾರಿಕೆ ಇನ್ಸುಲಿನ್ನಿನಷ್ಟು ಸುಲಭವಲ್ಲ, ಒಪ್ಪುತ್ತೇನೆ. ಇನ್ಸುಲಿನ್ನಿನಲ್ಲಿ 51 ಅಮೈನೋ ಆಮ್ಲಗಳು, ಇದರಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು. ಬೆಲೆ ಹೆಚ್ಚಿರಲಿ, ಆದರೆ ಗುರಿಯನ್ನು ಹೀಗೆಯೇ ಬಹಿರಂಗವಾಗಿ ಹೇಳಲಿ. ಕರ್ನಾಟಕದ ಒಬ್ಬ ಮಹಿಳೆಗೆ ಒಂದು ವರ್ಷದ ಟ್ರಾಸ್ಟುಜುಮ್ಯಾಬ್ ಇಷ್ಟರೊಳಗೆ ಆಗಬೇಕು ಎಂಬ ಒಂದು ಅಂಕಿಯನ್ನು ಕಂಪನಿ, ಸರ್ಕಾರ, ಆಸ್ಪತ್ರೆ ಮೂವರೂ ಕುಳಿತು ನಿಶ್ಚಯಿಸಲಿ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉತ್ತರಪತ್ರಿಕೆ ತಿದ್ದಿದ ನನಗೆ ಒಂದು ಅಭ್ಯಾಸ ಅಂಟಿದೆ. ಮುದ್ದಾದ ಅಕ್ಷರಕ್ಕೆ, ನಮ್ಮದೇ ಬೀದಿಯ ಮಗು ಎಂಬ ಅಕ್ಕರೆಗೆ ಅಂಕ ಕೊಡುವಂತಿಲ್ಲ; ಉತ್ತರಕ್ಕೆ ಮಾತ್ರ. ಹಾಗೆ ತಿದ್ದಿದಾಗಲೂ ನಮ್ಮೂರಿನ ಈ ಕಂಪನಿಗೆ ಒಳ್ಳೆಯ ಅಂಕಗಳೇ ಬರುತ್ತವೆ. ಔಷಧ ತಯಾರಿಸುವ ಪ್ರಶ್ನೆಗೆ ಅದು ಚೆನ್ನಾಗಿಯೇ ಉತ್ತರ ಬರೆದಿದೆ. ಉಳಿದ ಪ್ರಶ್ನೆಗಳ ಕೆಳಗೆ ಹಾಳೆ ಖಾಲಿಯಿದೆ. ಅವನ್ನು ಬರೆಯಬೇಕಾದವರು ನಾವು, ನಾವು ಆರಿಸಿದವರು, ನಮ್ಮ ಹಣದಿಂದ ನಡೆಯುವ ಆಸ್ಪತ್ರೆಗಳು.

ತಂಗಿ ಇಂದು ಆರೋಗ್ಯವಾಗಿದ್ದಾಳೆ, ದೇವರ ದಯೆ. ಇಂದಿಗೂ ಭೋಗ್ಯದ ಮನೆಯಲ್ಲಿಯೇ ಇದ್ದಾಳೆ. ಮೆಟ್ರೋ ಪ್ರಯಾಣದ ಸಂಗತಿಯನ್ನು ಅವಳಿಗೆ ಹೇಳಿದಾಗ ಅವಳು ಕಂಪನಿಯ ವಿಷಯವನ್ನಾಗಲಿ, ಮಾರಿದ ನಿವೇಶನದ ವಿಷಯವನ್ನಾಗಲಿ ಎತ್ತಲಿಲ್ಲ. "ಅಕ್ಕಾ, ಆ ಮಾಗಡಿ ಕಡೆಯವಳು ಆಮೇಲೆ ಬೇರೆ ಎಲ್ಲಾದ್ರೂ ಔಷಧ ಹಾಕಿಸ್ಕೊಂಡಿರ್ತಾಳೆ ಅಲ್ವಾ?" ಎಂದು ಕೇಳಿದಳು. ಹಾಕಿಸಿಕೊಂಡಿರಬಹುದು ಎಂದೆ. ಬೇರೇನು ಹೇಳಲಿ? ಓದುಗ ಮಿತ್ರರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?